ಮ್ಯೂನಿಕ್‌ಗೆ ಅತ್ತೆ, ಮಾವನ ಜೊತೆ: ಶಾಪಿಂಗ್, ಸಸ್ಯಾಹಾರ, ಬೆಟ್ಟ ಸುತ್ತಾಟ. ಸಲಹೆ ಕೊಡಿ

ಜಯನಗರದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಆಫೀಸ್ ಕೆಲಸದ ಮೇಲೆ ಈ ವರ್ಷ ಮ್ಯೂನಿಕ್‌ನಲ್ಲಿದ್ದಾರೆ. 2026ರ ಜುಲೈ ಕೊನೆಗೆ ನಾನು, ಮಗ, ಅತ್ತೆ, ಮಾವ ಅಲ್ಲಿಗೆ ಹೋಗುತ್ತಿದ್ದೇವೆ. ಆಗಸ್ಟ್ 16ರ ರಾತ್ರಿ ವಾಪಸ್ ವಿಮಾನ.

ಮಾವನಿಗೆ ಮಂಡಿನೋವು. ಅತ್ತೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಮಗ 4ನೇ ಕ್ಲಾಸ್, ಬೆಟ್ಟ ಹತ್ತಲೇಬೇಕು ಅಂತ ಹಟ. ನನಗೆ ಒಂದಿಷ್ಟು ಶಾಪಿಂಗ್ ಇದೆ: ಅಡುಗೆ ಪಾತ್ರೆ, ಶೂ, ಊರಿಗೆ ಹಂಚಲು ಚಾಕೊಲೇಟ್. ಸದ್ಯದ ಪ್ಲಾನ್ ಇಷ್ಟೇ: ಮೊದಲು ಸುತ್ತಾಟ ಮುಗಿಸುವುದು, ಶಾಪಿಂಗ್ ಎಲ್ಲ ಕೊನೆಯ ಶನಿವಾರಕ್ಕೆ, ಅಂದರೆ 15ಕ್ಕೆ. ಸರಿ ಇದೆಯಾ?

ಈಸಾರ್ ದಂಡೆ
ಮೇಡಂ, ಮೊದಲು ಆ ಕೊನೆಯ ಸಾಲು ಅಳಿಸಿ. ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಮ್ಯೂನಿಕ್‌ನಲ್ಲಿ ಅವತ್ತು ಯೇಸುವಿನ ತಾಯಿ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬ, ಸರ್ಕಾರಿ ರಜೆ. ಅಂಗಡಿ ಒಂದೂ ತೆಗೆಯುವುದಿಲ್ಲ. ಮಾರನೇ ದಿನ ಭಾನುವಾರ, ಅವತ್ತೂ ಇಲ್ಲ. ನೀವು ಹೊರಡುವ ಮುಂಚಿನ ಎರಡು ದಿನ ಊರಿಗೆ ಊರೇ ಶಟರ್ ಎಳೆದಿರುತ್ತದೆ.

ಇಲ್ಲಿಗೆ ಬರುವ ನಮ್ಮವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಾವ ಜಾಗ ನೋಡಬೇಕು ಅನ್ನುವುದು ಆಮೇಲೆ, ಯಾವ ದಿನ ಏನು ತೆರೆದಿರುತ್ತದೆ ಅನ್ನುವುದು ಮುಂಚೆ. ಭಾನುವಾರ ಅಂಗಡಿ ಇಲ್ಲ. ವಾರದ ದಿನ, ಶನಿವಾರಗಳಲ್ಲೂ ರಾತ್ರಿ 8ಕ್ಕೆ ಬಾಗಿಲು. ಜರ್ಮನಿಯ ಬೇರೆ ಕೆಲವು ರಾಜ್ಯಗಳಲ್ಲಿ 10ರ ತನಕ ತೆರೆದಿರುತ್ತದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಬಿಗಿ. ಭಾನುವಾರ ಹಾಲು, ಬ್ರೆಡ್ ಬೇಕೆಂದರೆ ಮುಖ್ಯ ರೈಲು ನಿಲ್ದಾಣ ಅಥವಾ ವಿಮಾನ ನಿಲ್ದಾಣದ ಅಂಗಡಿಗಳೇ ಗತಿ. ಕೆಲವು ಬೇಕರಿಗಳು ಬೆಳಗ್ಗೆ ಒಂದಷ್ಟು ಹೊತ್ತು ತೆರೆದಿರುತ್ತವೆ.

ಹಾಗಾಗಿ ಖರೀದಿ ವಾರದ ದಿನಗಳಲ್ಲಿ ಮುಗಿಸಿ. ಭಾನುವಾರ ಕೆರೆ, ಕಾಡು, ಮ್ಯೂಸಿಯಂ. ಪಿನಾಕೊಥೆಕ್ ಚಿತ್ರಶಾಲೆಗಳಿಗೆ ಭಾನುವಾರ ಟಿಕೆಟ್ ಬರೀ 1 ಯೂರೋ. ಇಲ್ಲಿನವರ ಬದುಕೂ ಹಾಗೆಯೇ, ಶನಿವಾರ ಚೀಲ, ಭಾನುವಾರ ಸೈಕಲ್.

ಜಯನಗರದವಳು
ಅಯ್ಯೋ, ಕೇಳಿದ್ದು ಒಳ್ಳೆಯದಾಯ್ತು! ಯಜಮಾನರಿಗೆ ಫೋನ್ ಮಾಡಿ ಕೇಳಿದರೆ "ಹೌದಾ? ನನಗೂ ಗೊತ್ತಿರಲಿಲ್ಲ" ಅಂತಾರೆ. ಸರಿ, ಪಾತ್ರೆ ಎಲ್ಲಿ ತಗೊಳ್ಳೋದು?

ಸ್ಟೀಲ್ ಡಬ್ಬಿ
ಪಾತ್ರೆ ಅಂದರೆ ನಾನು ಬರಲೇಬೇಕು. ನಿಮ್ಮ ತಾರೀಖು ಚೆನ್ನಾಗಿ ಬಿದ್ದಿದೆ. ಮ್ಯೂನಿಕ್‌ನಲ್ಲಿ ಔವರ್ ಡುಲ್ಟ್ ಅಂತ ವರ್ಷಕ್ಕೆ ಮೂರು ಸಲ ಜಾತ್ರೆ: ಮೇ, ಜುಲೈ ಕೊನೆ, ಅಕ್ಟೋಬರ್. ಒಂದೊಂದೂ 9 ದಿನ. ಮರಿಯಾಹಿಲ್ಫ್‌ಪ್ಲಾಟ್ಸ್ ಅನ್ನುವ ಚೌಕದಲ್ಲಿ, ಚರ್ಚಿನ ಸುತ್ತ ಅಂಗಡಿ ಹಾಕುತ್ತಾರೆ. ಜುಲೈ ಜಾತ್ರೆಗೆ ಯಾಕೋಬಿ ಡುಲ್ಟ್ ಅಂತ ಹೆಸರು. ಪಿಂಗಾಣಿ, ಮಣ್ಣಿನ ಜಾಡಿ, ಬಾಣಲೆ, ಮರದ ಸೌಟು, ಹಳೇ ಸಾಮಾನು, ತರಕಾರಿ ತುರಿಯುವ ಮಣೆ ಮಾರುವವನ ಭಾಷಣ, ಎಲ್ಲಾ ಇದೆ. ಮಗನಿಗೆ ಜಾಯಿಂಟ್ ವ್ಹೀಲ್. ಇದು ಭಾನುವಾರವೂ ನಡೆಯುತ್ತದೆ, ಜಾತ್ರೆ ಅಲ್ವಾ.

ಹೊಸ ಬ್ರ್ಯಾಂಡೆಡ್ ಪಾತ್ರೆ ಬೇಕಾದರೆ ಊರ ನಡುವಿನ ಚೌಕವಾದ ಮರಿಯೆನ್‌ಪ್ಲಾಟ್ಸ್ ಸುತ್ತಲಿನ ದೊಡ್ಡ ಡಿಪಾರ್ಟ್‌ಮೆಂಟ್ ಅಂಗಡಿಗಳಲ್ಲಿ ಮೇಲಿನ ಮಹಡಿಗೆ ಹೋಗಿ. ಜುಲೈ ಕೊನೆಗೆ ಬೇಸಿಗೆ ಡಿಸ್ಕೌಂಟ್ ಇರುತ್ತದೆ. ತಳಕ್ಕೆ ಆಯಸ್ಕಾಂತ ಹಿಡಿಯುತ್ತದಾ ನೋಡಿ, ಹಿಡಿದರೆ ಮನೆಯ ಇಂಡಕ್ಷನ್ ಒಲೆಗೂ ಆಗುತ್ತದೆ. ಮಿಕ್ಸಿ, ಕಾಫಿ ಯಂತ್ರ ತಂದರೂ ಕರೆಂಟ್ ತೊಂದರೆ ಇಲ್ಲ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ.

ಧಾರವಾಡ ಪೇಡೆ
ನನ್ನ ಅಭಿಪ್ರಾಯ ಬೇರೆ ಐತ್ರಿ. ಬೆಂಗಳೂರಿನಲ್ಲಿ ಸಿಗದ ಬಾಣಲೆ ಮ್ಯೂನಿಕ್‌ನಲ್ಲಿ ಯಾವುದಿದೆ? ಎರಡೂ ಕಡೆ ಅದೇ ಬ್ರ್ಯಾಂಡು. ಸುಮ್ನೆ 23 ಕಿಲೋ ಹೊತ್ತು ತರುವುದು. ಕೌಫಿಂಗರ್‌ಸ್ಟ್ರಾಸೆಯಲ್ಲಿ ನಡೆದು ನೋಡಿ, ಯುರೋಪಿನ ಯಾವ ಊರಿನಲ್ಲೂ ಇರುವ ಅದೇ ಬಟ್ಟೆ ಅಂಗಡಿಗಳು. ಮ್ಯಾಕ್ಸಿಮಿಲಿಯನ್‌ಸ್ಟ್ರಾಸೆಯಂತೂ ದುಬಾರಿ, ಗಾಜಿನ ಹೊರಗಿನಿಂದ ನೋಡಲಿಕ್ಕೆ ಮಾತ್ರ.

ತರುವುದಾದರೆ ಚಿಕ್ಕ ಸಾಮಾನು ತನ್ನಿ. ಪೆನ್ಸಿಲ್, ಬಣ್ಣದ ಡಬ್ಬಿ, ಇಂಕ್ ಪೆನ್. ಫೇಬರ್ ಕ್ಯಾಸ್ಟೆಲ್, ಸ್ಟೆಡ್ಲರ್ ಎರಡೂ ಪಕ್ಕದ ನ್ಯೂರೆಂಬರ್ಗ್ ಕಡೆಯವು. ಮಕ್ಕಳಿರುವ ಮನೆಗೆ ಅದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ. ಚಾಕು ಕೊಂಡರೆ ಚೆಕ್-ಇನ್ ಬ್ಯಾಗಿನಲ್ಲಿ ಇಡಿ, ಕೈಚೀಲದಲ್ಲಿ ಅಲ್ಲ.

ಸ್ಟೀಲ್ ಡಬ್ಬಿ
ಪೇಡೆಯವರೇ, ನೀವು ಅಡುಗೆ ಮಾಡುವುದಿಲ್ಲ ಅಂತ ಗೊತ್ತಾಯ್ತು 🙂

ಈಸಾರ್ ದಂಡೆ
ಇಬ್ಬರೂ ಅರ್ಧ ಸರಿ. ಆದರೆ ಕೌಫಿಂಗರ್‌ಸ್ಟ್ರಾಸೆಯನ್ನು ಹಾಗೆ ತಳ್ಳಿಹಾಕಬೇಡಿ. 1972ರ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿ ಕಾರು, ಟ್ರ್ಯಾಮ್ ಓಡುತ್ತಿದ್ದವು. ಆ ವರ್ಷ ಅದನ್ನು ಪೂರ್ತಿ ನಡೆಯುವವರಿಗೆ ಬಿಟ್ಟರು. ಮಾವನವರಿಗೆ ಅಲ್ಲಿ ಆರಾಮ, ಕೂರಲು ಜಾಗ ಇದೆ, ಹಾರ್ನ್ ಇಲ್ಲ.

ಬೆಟ್ಟ ಹತ್ತುವ ಶೂ, ರೇನ್‌ಕೋಟು, ಮಕ್ಕಳ ಚೀಲ ಬೇಕಾದರೆ ಮರಿಯೆನ್‌ಪ್ಲಾಟ್ಸ್ ಪಕ್ಕ ರೋಸೆನ್‌ಸ್ಟ್ರಾಸೆಯಲ್ಲಿ 1913ರಿಂದ ಇರುವ ಶೂಸ್ಟರ್ ಅಂಗಡಿ ನೋಡಿ. ಹಲವು ಮಹಡಿ, ಎಲ್ಲ ಬೆಟ್ಟದ ಸಾಮಾನು. ಆಲ್ಪ್ಸ್ ಹತ್ತುವವರಿಗಾಗಿಯೇ ಇರುವ ಅಂಗಡಿ, ಅಲ್ಲಿ ಕೆಲಸ ಮಾಡುವವರಿಗೆ ವಿಷಯ ಗೊತ್ತು. ಬೆಲೆ ಅಗ್ಗ ಅಲ್ಲ. ಅಗ್ಗದ್ದು ಸಾಕು ಅಂದರೆ ಡೆಕಾಥ್ಲಾನ್ ಇದೆ, ಅದಕ್ಕೆ ಬೆಂಗಳೂರೇ ವಾಸಿ.

ಚಾಕೊಲೇಟನ್ನು ಪೇಟೆ ಮಧ್ಯೆ ಕೊಳ್ಳಬೇಡಿ. ಮನೆ ಹತ್ತಿರದ ಅಗ್ಗದ ಸೂಪರ್‌ಮಾರ್ಕೆಟ್‌ಗಳಾದ ಆಲ್ಡಿ, ಲಿಡ್ಲ್‌ನಲ್ಲಿ ಅದೇ ಚಾಕೊಲೇಟು ಕಡಿಮೆ ಬೆಲೆಗೆ. ಗಮ್ಮಿ ಕ್ಯಾಂಡಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಬಹಳ ಸಲ ಹಂದಿಯದು. ಸಸ್ಯಾಹಾರಿಗಳ ಮನೆಗೆ ಕೊಡುವುದಾದರೆ ಹಿಂದಿನ ಚೀಟಿ ಓದಿ.

ಮೊಸರನ್ನ
ಅತ್ತೆಯವರ ಊಟದ ಬಗ್ಗೆ ಯಾರೂ ಮಾತಾಡಲೇ ಇಲ್ಲ!

ಸಸ್ಯಾಹಾರ ಈಗ ಮ್ಯೂನಿಕ್‌ನಲ್ಲಿ ಕಷ್ಟ ಇಲ್ಲ. ಮೊಟ್ಟೆ ಬೇಡ ಅಂದಾಗಲೇ ಪೇಚಾಟ. ಸಸ್ಯಾಹಾರದ ಪಟ್ಟಿಯಲ್ಲಿ ಮೊದಲು ಕಾಣುವ ಕೇಸೆ ಷ್ಪೆಟ್ಸ್‌ಲೆ, ಅಂದರೆ ಚೀಸ್ ಸುರಿದ ನೂಡಲ್ಸ್ ಥರದ್ದು, ಅದರ ಹಿಟ್ಟಿಗೇ ಮೊಟ್ಟೆ ಒಡೆಯುತ್ತಾರೆ. ಬ್ರೆಡ್ಡಿನ ಉಂಡೆ ಕ್ನೋಡೆಲ್‌ಗೂ ಮೊಟ್ಟೆ. ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ಪ್ಯಾನ್‌ಕೇಕ್ ಕೇಳಲೇಬೇಡಿ. ನೀವೂ ಮಗನೂ ತಿನ್ನುವುದಾದರೆ ಮಾತ್ರ ಬಿಡಬೇಡಿ, ಬೇಸಿಗೆಯಲ್ಲಿ ಹಳದಿ ಕಾಡು ಅಣಬೆಯ ಕ್ರೀಮ್ ಸಾರಿನಲ್ಲಿ ಬ್ರೆಡ್ ಉಂಡೆ ಮುಳುಗಿಸಿ ಕೊಡುತ್ತಾರೆ, ಅದ್ಭುತ.

ಇನ್ನೂ ಕಾಣದ ಕಲ್ಲುಗಳಿವೆ. ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಎಷ್ಟೋ ಕಡೆ ಮಾಂಸದ ಸಾರು ಸೇರಿಸುತ್ತಾರೆ. ಹುಳಿ ಕೋಸಿನ ಪಲ್ಯಕ್ಕೆ ಹಂದಿ ಕೊಬ್ಬಿನ ಚೂರು. ನೋಡಿದರೆ ಬರೀ ತರಕಾರಿ ಅನ್ನಿಸುತ್ತದೆ, ಕೇಳಿಯೇ ತಿನ್ನಬೇಕು.

ಅತ್ತೆಯವರಿಗೆ ಆಗುವುದು: ಬ್ರೆಟ್ಸೆನ್ ಅನ್ನುವ ಗಂಟಿನಾಕಾರದ ಬ್ರೆಡ್ (ಕೊಬ್ಬು ಹಾಕಿಲ್ಲವೇ ಅಂತ ಬೇಕರಿಯಲ್ಲಿ ಕೇಳಿ), ಬೆಣ್ಣೆ, ಒಬಾಟ್ಸ್ಡಾ ಅನ್ನುವ ಮಸಾಲೆ ಚೀಸ್, ಉಪ್ಪು ಸವರಿ ಸುರುಳಿ ಕೊಯ್ದ ಬಿಳಿ ಮೂಲಂಗಿ. ಮೂಲಂಗಿ ನೋಡಿದರೆ ಅವರಿಗೆ ಖುಷಿಯಾಗಬಹುದು. ವಿಕ್ಟುವಾಲಿಯೆನ್‌ಮಾರ್ಕ್ಟ್ ಅನ್ನುವ ಮಾರುಕಟ್ಟೆಯಲ್ಲಿ ಹಣ್ಣು. ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಥೆಸ್ಟ್ರಾಸೆ, ಲಾಂಡ್ವೆರ್‌ಸ್ಟ್ರಾಸೆ ಕಡೆ ಟರ್ಕಿ, ಅರಬ್ ಅಂಗಡಿಗಳ ಸಾಲು. ಬಿಸಿ ಫಲಾಫೆಲ್, ಪಾಲಕ್ ತುಂಬಿದ ರೊಟ್ಟಿ, ಒಳ್ಳೆ ಕೊತ್ತಂಬರಿ, ಬೆಂಡೆಕಾಯಿ. ಭಾರತದ ದಿನಸಿ ಅಂಗಡಿಗಳೂ ಆ ಸುತ್ತಲೇ ಇವೆ. ತೊಗರಿಬೇಳೆ, ಸೋನಾಮಸೂರಿ ಅಲ್ಲೇ ಕೊಳ್ಳಿ, ಊರಿನಿಂದ ಹೊತ್ತು ತರಬೇಡಿ. ಕುಕ್ಕರ್, ಸಾರಿನ ಪುಡಿ ಮಾತ್ರ ತನ್ನಿ.

ಜಯನಗರದವಳು
ಬಾಡಿಗೆ ಮನೆಯಲ್ಲಿ ಅಡುಗೆಮನೆ ಇದೆ, ಆ ಚಿಂತೆ ಇಲ್ಲ. ಆದರೆ ಹೊರಗೆ ಹೋದಾಗ ನಾವು ಚಿತ್ರಾನ್ನ ಕಟ್ಟಿಕೊಂಡು ಹೋದರೆ ಎಲ್ಲಿ ಕೂತು ತಿನ್ನುವುದು? ಮಾವನಿಗೆ ಹುಲ್ಲಿನ ಮೇಲೆ ಕೂರಲು ಆಗುವುದಿಲ್ಲ.

ಈಸಾರ್ ದಂಡೆ
ಬಿಯರ್ ಗಾರ್ಡನ್‌ನಲ್ಲಿ! ತಮಾಷೆ ಅಲ್ಲ. ಮ್ಯೂನಿಕ್‌ನ ಸಾಂಪ್ರದಾಯಿಕ ಬಿಯರ್ ಗಾರ್ಡನ್‌ಗೆ ಮನೆಯ ಊಟ ತರುವುದು ಗಿರಾಕಿಯ ಹಕ್ಕು.

ಕಥೆ ಹೀಗೆ. ಬಿಯರ್ ಮಾಡುವವರು ಈಸಾರ್ ನದಿಯ ದಂಡೆಯ ನೆಲಮಾಳಿಗೆಗಳಲ್ಲಿ ಪೀಪಾಯಿ ತಂಪಾಗಿ ಇಡುತ್ತಿದ್ದರು. ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟು, ಕೆಳಗೆ ಬೆಂಚು ಹಾಕಿ ಅಲ್ಲೇ ಮಾರಲು ಶುರು ಮಾಡಿದರು. ಊರಿನ ಹೋಟೆಲಿನವರು ನಮ್ಮ ವ್ಯಾಪಾರ ಹೋಯಿತು ಅಂತ ರಾಜನ ಹತ್ತಿರ ದೂರು ಒಯ್ದರು. 1812ರಲ್ಲಿ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ನಡುದಾರಿ ಹಿಡಿದ: ಬಿಯರ್ ಮಾರಿ, ಬ್ರೆಡ್ ಕೊಡಿ, ಬೇರೆ ಊಟ ಮಾರಬೇಡಿ. ಜನ ಊಟ ಮನೆಯಿಂದ ಕಟ್ಟಿಕೊಂಡು ಬಂದರು. ಈಗ ಅಲ್ಲೇ ಅಡುಗೆ ಸಿಗುತ್ತದೆ, ಆದರೆ ಬುತ್ತಿ ತರುವ ಪದ್ಧತಿ ಹಾಗೇ ಉಳಿದಿದೆ.

ನಿಯಮ ಎರಡೇ. ಬಟ್ಟೆ ಹಾಸಿದ ಮೇಜಿಗೆ ಹೋಗಬೇಡಿ, ಅಲ್ಲಿ ಬಡಿಸುವವರಿರುತ್ತಾರೆ. ಬರೀ ಮರದ ಮೇಜಿಗೆ ಕೂತುಕೊಳ್ಳಿ. ಕುಡಿಯುವುದನ್ನು ಮಾತ್ರ ಅವರಲ್ಲೇ ಕೊಳ್ಳಬೇಕು. ಬಿಯರ್ರೇ ಆಗಬೇಕು ಅಂತಿಲ್ಲ. ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ತಗೊಳ್ಳಿ. ಲೋಟಕ್ಕೆ ಡೆಪಾಸಿಟ್ ಇದ್ದರೆ ವಾಪಸ್ ಕೊಟ್ಟು ದುಡ್ಡು ಪಡೆಯಿರಿ.

ಮಾವನವರಿಗೆ ಹಿರ್ಷ್‌ಗಾರ್ಟೆನ್ ಹೇಳುತ್ತೇನೆ. ಸುಮಾರು 8000 ಜನ ಕೂರುವ ಜಾಗ, ಪಕ್ಕದಲ್ಲೇ ಬೇಲಿಯೊಳಗೆ ಜಿಂಕೆಗಳು. ಅಜ್ಜ, ಮೊಮ್ಮಗ ಇಬ್ಬರಿಗೂ ಸಂಜೆ ಕಳೆಯುತ್ತದೆ.

ಧಾರವಾಡ ಪೇಡೆ
ನಾವು ಅಲ್ಲಿ ಚಪಾತಿ, ಶೇಂಗಾ ಚಟ್ನಿ ತಿಂದೇವಿ. ಪಕ್ಕದ ಮೇಜಿನ ಅಜ್ಜಿ ಚಟ್ನಿ ಕೇಳಿ ಹಾಕಿಸಿಕೊಂಡರು. ಮೇಜು ಉದ್ದ, ಅಪರಿಚಿತರು ಬಂದು ಕೂರುತ್ತಾರೆ, ಮುಖ ತಿರುಗಿಸಬೇಡಿ.

ಮಡಿಕೇರಿ ಮಂಜು
ಇಂಗ್ಲಿಷ್ ಗಾರ್ಡನ್ ಬಗ್ಗೆ ಒಂದು ಮಾತು. 1789ರಲ್ಲಿ ಶುರುವಾದ ಪಾರ್ಕು, 370 ಹೆಕ್ಟೇರ್‌ಗಿಂತ ಜಾಸ್ತಿ, ಅದರ ನಡುವೆ ಚೀನೀ ಗೋಪುರದ ಬಿಯರ್ ಗಾರ್ಡನ್. ಖಂಡಿತ ಹೋಗಿ. ಆದರೆ ಅತ್ತೆ, ಮಾವನ ಜೊತೆ ಇದ್ದೀರಿ ಅಂದಿರಿ. ದಕ್ಷಿಣ ಭಾಗದಲ್ಲಿ ಶೋನ್‌ಫೆಲ್ಡ್ ಅನ್ನುವ ಹುಲ್ಲುಗಾವಲಿದೆ. ಬೇಸಿಗೆಯಲ್ಲಿ ಜನ ಅಲ್ಲಿ ಬಟ್ಟೆ ಇಲ್ಲದೆ ಬಿಸಿಲು ಕಾಯುತ್ತಾರೆ, ಅದಕ್ಕೆ ಅಲ್ಲಿ ಅನುಮತಿ ಇದೆ. ಚೀನೀ ಗೋಪುರದ ಕಡೆಗೆ ಬಸ್ಸಿನಲ್ಲಿ ಹೋದರೆ ಯಾರಿಗೂ ಮುಜುಗರ ಇಲ್ಲ.

ಐಸ್‌ಬಾಖ್ ಕಾಲುವೆಯಲ್ಲಿ ಕಾಲು ಕೂಡ ಇಳಿಸಬೇಡಿ. ನೋಡಲು ಚಿಕ್ಕದು, ಸೆಳೆತ ಜೋರು. ಈಜು ನಿಷೇಧ. ಸ್ಥಳೀಯ ಹುಡುಗರು ಧುಮುಕುವುದು ನೋಡಿ ಮಗ ಕುಣಿಯುತ್ತಾನೆ, ಕೈ ಹಿಡಿದುಕೊಳ್ಳಿ. ನೀರಾಟಕ್ಕೆ ಊರಿನ ದಕ್ಷಿಣದ ಫ್ಲೌಖರ್ ಕಡೆ ಹೋಗಿ. ಹಿಂದೆ ಕಾಂಕ್ರೀಟ್ ಕಾಲುವೆಯಂತೆ ನೇರ ಮಾಡಿದ್ದ ಈಸಾರ್ ನದಿಯನ್ನು 2000ರಿಂದ 2011ರ ತನಕ ಕೆಲಸ ಮಾಡಿ 8 ಕಿಲೋಮೀಟರ್ ಉದ್ದ ಮತ್ತೆ ಕಲ್ಲು, ಮರಳಿನ ದಂಡೆಯಾಗಿ ಬಿಡಿಸಿದ್ದಾರೆ. ದಂಡೆ ಹತ್ತಿರ ನೀರು ಆಳ ಇಲ್ಲದ ಕಡೆ ಮಕ್ಕಳು ಆಡುತ್ತಾರೆ. ಮಳೆ ಬಂದ ಮಾರನೇ ದಿನ ಮಾತ್ರ ಬೇಡ.

ನನಗೆ ಮ್ಯೂನಿಕ್ ಅಂದರೆ ಒಲಿಂಪಿಕ್ ಪಾರ್ಕು. 1972ರಲ್ಲಿ ನಮ್ಮ ಹಾಕಿ ತಂಡ ಕಂಚು ಗೆದ್ದದ್ದು ಅಲ್ಲಿ. ಆ ತಂಡದಲ್ಲಿ ಕೊಡಗಿನ ಇಬ್ಬರಿದ್ದರು, ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. ನಮ್ಮ ಮನೆಯಲ್ಲಿ ಹಿರಿಯರು ಆ ಹೆಸರುಗಳನ್ನು ನೆಂಟರ ಹೆಸರಿನಂತೆ ಹೇಳುತ್ತಿದ್ದರು. ಅದೇ ಕ್ರೀಡಾಕೂಟದಲ್ಲಿ ಇಸ್ರೇಲಿನ 11 ಮಂದಿ ಭಯೋತ್ಪಾದಕರ ದಾಳಿಯಲ್ಲಿ ಸತ್ತರು, ಅವರ ನೆನಪಿನ ಜಾಗವೂ ಪಾರ್ಕಿನಲ್ಲಿದೆ. ಪಾರ್ಕಿನ ಗುಡ್ಡ ನಿಜವಾದ ಗುಡ್ಡ ಅಲ್ಲ, ಎರಡನೇ ಮಹಾಯುದ್ಧದಲ್ಲಿ ಬಿದ್ದ ಕಟ್ಟಡಗಳ ಅವಶೇಷ ಸುರಿದು ಆದದ್ದು. ಮಗನಿಗೆ ಮೊದಲ ಬೆಟ್ಟ ಅದೇ ಆಗಲಿ. ಆಕಾಶ ತಿಳಿ ಇದ್ದರೆ ತುದಿಯಿಂದ ಆಲ್ಪ್ಸ್ ಕಾಣುತ್ತದೆ. ಆಗಸ್ಟ್‌ನಲ್ಲಿ ಕೆರೆ ದಂಡೆಯ ಬಯಲು ರಂಗದಲ್ಲಿ ಸಂಜೆ ಪುಕ್ಕಟೆ ಸಂಗೀತ.

ಜಯನಗರದವಳು
ಹುಲ್ಲುಗಾವಲಿನ ವಿಷಯ ಓದಿ ಒಬ್ಬಳೇ ನಕ್ಕೆ 😄 ನಿಜವಾದ ಬೆಟ್ಟಕ್ಕೆ? ಯಜಮಾನರು ಜರ್ಮನಿಯ ಅತಿ ಎತ್ತರದ ಶಿಖರಕ್ಕೆ ಕೇಬಲ್ ಕಾರ್ ಬುಕ್ ಮಾಡೋಣ ಅಂತಿದ್ದಾರೆ.

ಧಾರವಾಡ ಪೇಡೆ
ತ್ಸುಗ್‌ಸ್ಪಿಟ್ಸೆ. 2962 ಮೀಟರ್. ದೊಡ್ಡವರಿಗೆ ತಲೆಗೆ 70 ಯೂರೋ ದಾಟುತ್ತದೆ. ಮೋಡ ಇದ್ದರೆ ಬಿಳಿ ಗೋಡೆ ನೋಡಿ ಬರುವುದು. ಬಿಟ್ಟುಬಿಡಿ.

ಸೈಕಲ್ ಸ್ಟ್ಯಾಂಡ್
ಬಿಡಿ ಅನ್ನಬೇಡಿ, ಮುಂಚೆಯೇ ಬುಕ್ ಮಾಡಬೇಡಿ ಅನ್ನಿ. ತುದಿಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ, ಬೆಳಗ್ಗೆ ಫೋನಿನಲ್ಲಿ ನೋಡಿ ತಿಳಿಯಾಗಿದ್ದರೆ ಹೊರಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಹಿರಿಯರು ಡಾಕ್ಟರ್ ಕೇಳಿಯೇ ಹೋಗಲಿ, ಏಕ್‌ದಂ ಅಷ್ಟು ಎತ್ತರಕ್ಕೆ ಏರಿಸುತ್ತದೆ.

ಆದರೆ ನಿಮ್ಮ ಐದು ಜನಕ್ಕೆ ಟೇಗರ್ನ್‌ಸೇ ಸರೋವರವೇ ಹೊಂದುತ್ತದೆ. ಮುಖ್ಯ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆ. ಗಮನಿಸಿ, ಆ ರೈಲು ದಾರಿಯಲ್ಲಿ ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಟೇಗರ್ನ್‌ಸೇ ಅಂತ ಇರುವುದನ್ನು ನೋಡಿಯೇ ಹತ್ತಿ. ಎಲ್ಲರೂ ಒಟ್ಟಿಗೆ ಇಳಿದ ಮೇಲೆ ಎರಡು ಪಾರ್ಟಿ ಮಾಡಿ. ಅತ್ತೆ, ಮಾವ, ನೀವು ದೋಣಿ ಹತ್ತಿ ಸರೋವರ ಸುತ್ತಿ. ಅಪ್ಪ, ಮಗ ಊರಿನಿಂದಲೇ ನೊಯ್‌ರೊಯ್ಟ್‌ಗೆ ನಡೆಯಲಿ. 1264 ಮೀಟರ್, ಸುಮಾರು ಒಂದೂವರೆ ಗಂಟೆ ಏರು, ಕಾಡಿನ ನೆರಳು, ಮೇಲೆ ಊಟ ಸಿಗುವ ಗುಡಿಸಲು. ಮಾವನವರಿಗೂ ಬೆಟ್ಟದ ತುದಿ ಬೇಕೆಂದರೆ ಪಕ್ಕದ ಊರಿನಿಂದ ವಾಲ್‌ಬರ್ಗ್‌ಗೆ ಕೇಬಲ್ ಕಾರ್ ಇದೆ.

ಪಾರ್ಟ್ನಾಖ್ ಕಮರಿ ಅಂತ ಯಾರಾದರೂ ಹೇಳುತ್ತಾರೆ, ನಾನೇ ಹೇಳಿಬಿಡುತ್ತೇನೆ. ಗಾರ್ಮಿಶ್ ಊರಿನ ಹತ್ತಿರ, 700 ಮೀಟರ್ ಉದ್ದ, ಎರಡೂ ಕಡೆ ಎತ್ತರದ ಬಂಡೆ, ಕೆಳಗೆ ನೊರೆ ನೀರು. ಮಗನಿಗೆ ಹುಚ್ಚು ಹಿಡಿಯುತ್ತದೆ. ಮಂಡಿನೋವಿನವರಿಗೆ ಬೇಡ, ದಾರಿ ಒದ್ದೆ, ಜಾರುತ್ತದೆ.

ಬೆಟ್ಟದಲ್ಲಿ ಬೇಸಿಗೆ ಮಧ್ಯಾಹ್ನ ದಿಢೀರ್ ಗುಡುಗು ಮಳೆ. ಬೆಳಗ್ಗೆ ಬೇಗ ಹತ್ತಿ, ಮಧ್ಯಾಹ್ನಕ್ಕೆ ಇಳಿಯಿರಿ. ಗುಡಿಸಲುಗಳಲ್ಲಿ ಕೆಲವೊಮ್ಮೆ ಕಾರ್ಡ್ ನಡೆಯುವುದಿಲ್ಲ, ನಗದು ಇರಲಿ. ಇನ್ನು ಊರಿನೊಳಗೆ: ಫುಟ್‌ಪಾತ್ ಪಕ್ಕ ಸೈಕಲ್ ಪಟ್ಟಿ ಇರುತ್ತದೆ. ಅದರ ಮೇಲೆ ನಿಂತು ಫೋಟೋ ತೆಗೆದರೆ ಬೆಲ್ ಅಲ್ಲ, ಬೈಗುಳ ಬೀಳುತ್ತದೆ. ಬೈಯುವವರಲ್ಲಿ ನಾನೂ ಇದ್ದೇನೆ.

ಲೆಕ್ಕದ ಪುಸ್ತಕ
ದುಡ್ಡಿನ ವಿಷಯ ನಾನು ಹೇಳುತ್ತೇನೆ. ಊರೊಳಗೆ ಓಡಾಡಲು ಗುಂಪಿನ ಡೇ ಟಿಕೆಟ್ ಕೊಳ್ಳಿ, 5 ದೊಡ್ಡವರ ತನಕ ಒಂದೇ ಟಿಕೆಟ್. ಮೆಷಿನ್ನಿನಿಂದ ಬಂದ ಕಾಗದದ ಟಿಕೆಟ್‌ಗೆ ಕೆಲವೊಮ್ಮೆ ಮೊಹರು ಒತ್ತಬೇಕು, ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಪೆಟ್ಟಿಗೆ ಇರುತ್ತದೆ. ಒತ್ತದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಟೂರಿಸ್ಟ್ ಅಂದರೂ ಬಿಡುವುದಿಲ್ಲ.

ನೀರಿನ ಬಾಟಲಿಗೆ 25 ಸೆಂಟ್ ಡೆಪಾಸಿಟ್. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ ಮೆಷಿನ್ನಿಗೆ ಹಾಕಿ ಚೀಟಿ ಪಡೆಯಿರಿ. ಮಗನಿಗೆ ಆ ಕೆಲಸ ಕೊಡಿ, ಪಾಕೆಟ್ ಮನಿ ಆಗುತ್ತದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬೆಟ್ಟದ ಕಡೆಯ ಕಣಿವೆಗಳಿಂದ ಬರುವ ಚೆನ್ನಾದ ನೀರು.

ಮುಖ್ಯವಾದದ್ದು ತೆರಿಗೆ ವಾಪಸಿ. ಸಾಮಾನಿನ ಬೆಲೆಯಲ್ಲಿ 19% ತೆರಿಗೆ ಸೇರಿರುತ್ತದೆ. ಒಂದೇ ಬಿಲ್ 50 ಯೂರೋ ದಾಟಿದರೆ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಫಾರ್ಮ್ ಕೇಳಿ. ಬಿಲ್ ನಿಮ್ಮ ಹೆಸರಿನಲ್ಲಿರಲಿ. ಯಜಮಾನರ ಬಳಿ ಜರ್ಮನಿಯ ವಾಸದ ಪರವಾನಗಿ ಇದ್ದರೆ ಅವರ ಹೆಸರಿನಲ್ಲಿ ಸಿಗುವುದಿಲ್ಲ, ಇದು ಹೊರಗಿನಿಂದ ಬಂದು ಹೋಗುವವರಿಗೆ ಮಾತ್ರ. ಸಾಮಾನು ಬಳಸಿರಬಾರದು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಸಾಮಾನು ನೋಡಿ ಮೊಹರು ಒತ್ತುತ್ತಾರೆ, ಆಮೇಲೆ ದುಡ್ಡಿನ ಕೌಂಟರ್. ಪೂರ್ತಿ 19% ಬರುವುದಿಲ್ಲ, ನಡುವಿನ ಕಂಪನಿ ಒಂದು ಪಾಲು ಹಿಡಿದುಕೊಳ್ಳುತ್ತದೆ. ಬಾಣಲೆಯನ್ನು ಸೂಟ್‌ಕೇಸಿನ ತಳದಲ್ಲಿ ಹೂತು ಬ್ಯಾಗ್ ಒಳಗೆ ಕಳಿಸಿಬಿಟ್ಟರೆ ತೋರಿಸುವುದು ಏನನ್ನು? ಮೇಲೆಯೇ ಇಡಿ, ಚೆಕ್-ಇನ್ ಕೌಂಟರ್‌ನಲ್ಲಿ ಮೊದಲೇ ಹೇಳಿ.

ಜಯನಗರದವಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜುಲೈ ಕೊನೆಗೆ ಡುಲ್ಟ್, ವಾರದ ದಿನ ಮರಿಯೆನ್‌ಪ್ಲಾಟ್ಸ್, ಭಾನುವಾರ ಟೇಗರ್ನ್‌ಸೇ, ಒಂದು ಸಂಜೆ ಚಿತ್ರಾನ್ನದ ಜೊತೆ ಹಿರ್ಷ್‌ಗಾರ್ಟೆನ್. 8ನೇ ತಾರೀಖು ಶನಿವಾರ ಔಗ್ಸ್‌ಬರ್ಗ್‌ಗೆ ಹೋಗಿ ಅಲ್ಲಿ ಸ್ವಲ್ಪ ಶಾಪಿಂಗ್ ಮಾಡೋಣ ಅಂದುಕೊಂಡಿದ್ದೇನೆ. 15 ಮಾತ್ರ ಖಾಲಿ ಉಳಿಯಿತು.

ಈಸಾರ್ ದಂಡೆ
ನಿಮ್ಮ ಶನಿವಾರಗಳಿಗೆ ಯಾರದೋ ಕಣ್ಣು ಬಿದ್ದಿದೆ ಮೇಡಂ. ಆಗಸ್ಟ್ 8 ಔಗ್ಸ್‌ಬರ್ಗ್ ನಗರಕ್ಕೆ ಮಾತ್ರ ಇರುವ ರಜೆ, ಶಾಂತಿ ಹಬ್ಬ. ಜರ್ಮನಿಯಲ್ಲಿ ಬೇರೆ ಎಲ್ಲೂ ಇಲ್ಲ. ಊರು ನೋಡಲು ಹೋಗಬಹುದು, ಅಂಗಡಿ ಇರುವುದಿಲ್ಲ. 7ಕ್ಕೆ ಹೋಗಿ.

ಸೈಕಲ್ ಸ್ಟ್ಯಾಂಡ್
15ಕ್ಕೆ ನನ್ನ ಹತ್ತಿರ ಉಪಾಯ ಇದೆ. ಉಲ್ಮ್‌ಗೆ ಹೋಗಿ. ಡ್ಯಾನ್ಯೂಬ್ ನದಿಯ ಈಚೆ ದಡ ನ್ಯೂ ಉಲ್ಮ್, ಬವೇರಿಯಾ, ರಜೆ. ಆಚೆ ದಡ ಉಲ್ಮ್, ಬಾಡೆನ್ ವುರ್ಟೆಂಬರ್ಗ್ ರಾಜ್ಯ. ಅಲ್ಲಿ ಆ ಹಬ್ಬಕ್ಕೆ ರಜೆ ಇಲ್ಲ, ಅಂಗಡಿ ಮಾಮೂಲಿ ಶನಿವಾರದಂತೆ. ಬಾಕಿ ಉಳಿದ ಚಾಕೊಲೇಟು ಅಲ್ಲೇ ಮುಗಿಸಿ. ಅಲ್ಲಿನ ಚರ್ಚಿನ ಗೋಪುರ 161.5 ಮೀಟರ್. 2025ರ ಅಕ್ಟೋಬರ್ ತನಕ ಪ್ರಪಂಚದ ಅತಿ ಎತ್ತರದ ಚರ್ಚು ಅದೇ ಆಗಿತ್ತು, ಆಮೇಲೆ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಮೀರಿಸಿತು. ಮಗನಿಗೆ ಹತ್ತಲು ಮೆಟ್ಟಿಲು ಬೇಕಾದಷ್ಟಿವೆ. ಮೀನುಗಾರರ ಹಳೇ ಕೇರಿಯಲ್ಲಿ ಮಾವನವರು ಕೂರಲು ಒಳ್ಳೆ ಜಾಗಗಳಿವೆ. ನಿಮ್ಮಂತೆ ಬವೇರಿಯಾದವರೂ ಅವತ್ತು ಅಲ್ಲಿಗೇ ಬರುತ್ತಾರೆ, ಬೆಳಗ್ಗೆ ಬೇಗ ಹೋಗಿ.

ಜಯನಗರದವಳು
ಇದು ಸೂಪರ್! ಟಿಕೆಟ್ ಯಾವುದು?

ಲೆಕ್ಕದ ಪುಸ್ತಕ
ಬವೇರಿಯಾ ಟಿಕೆಟ್, ಬಯರ್ನ್ ಟಿಕೆಟ್ ಅಂತ ಕೇಳಿ. 5 ಜನರ ತನಕ, ಉಲ್ಮ್ ನಿಲ್ದಾಣದವರೆಗೂ ನಡೆಯುತ್ತದೆ. ವಾರದ ದಿನ ಬೆಳಗ್ಗೆ 9ರ ಮೇಲೆ ಮಾತ್ರ, ಶನಿವಾರ, ಭಾನುವಾರ ಮಧ್ಯರಾತ್ರಿಯಿಂದಲೇ. ಪ್ರಾದೇಶಿಕ ರೈಲು ಮಾತ್ರ, ಐಸಿಇ ಅನ್ನುವ ವೇಗದ ರೈಲು ಹತ್ತಬೇಡಿ. ಟಿಕೆಟ್ ಮೇಲೆ ಪ್ರಯಾಣಿಕರ ಹೆಸರು ಬರೆಯುವ ಜಾಗ ಇರುತ್ತದೆ, ಹತ್ತುವ ಮುಂಚೆ ಪೆನ್ನಿನಲ್ಲಿ ತುಂಬಿ. ಯಜಮಾನರನ್ನೂ ಸೇರಿಸಿ ನೀವು ಸರಿಯಾಗಿ ಐದು ಜನ.